ಗಿಡ ಇರೋ ಅಕ್ವೇರಿಯಂನಲ್ಲಿ ಪಾಚಿ ಕಾಟ: ಪದೇ ಪದೇ ಕೇಳೋ ಪ್ರಶ್ನೆಗಳು

ಪಾಚಿ ಬಗ್ಗೆ ಬರೋ ಪ್ರಶ್ನೆಗಳು ಸುತ್ತಿ ಬಳಸಿ ಇಷ್ಟೇ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಇದು ಸಿಹಿನೀರಿನ ಗಿಡದ ಟ್ಯಾಂಕಿಗೆ ಮಾತ್ರ, ಉಪ್ಪು ನೀರಿನ ಟ್ಯಾಂಕಿನ ಲೆಕ್ಕಾಚಾರವೇ ಬೇರೆ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರು ಲೈಟ್ ಬಗ್ಗೆ ಇರೋದನ್ನಾದ್ರೂ ಓದ್ಕೊಳಿ, ಅರ್ಧಕ್ಕರ್ಧ ಜನರ ಸಮಸ್ಯೆ ಅಲ್ಲೇ ಮುಗಿಯತ್ತೆ.

ಪಾಚಿ ಯಾಕೆ ಬರತ್ತೆ? ನಾನು ಟ್ಯಾಂಕ್ ಕ್ಲೀನಾಗೇ ಇಟ್ಟಿದೀನಲ್ಲ?

ಪಾಚಿಗೆ ಬೇಕಾಗಿರೋದು ಮತ್ತು ಗಿಡಕ್ಕೆ ಬೇಕಾಗಿರೋದು ಎರಡೂ ಒಂದೇ: ಬೆಳಕು, ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶಿಯಂ, ಕಬ್ಬಿಣ. ವ್ಯತ್ಯಾಸ ಏನಪ್ಪಾ ಅಂದ್ರೆ ಪಾಚಿಗೆ ಇದೆಲ್ಲ ಚೂರೇ ಚೂರು ಸಿಕ್ಕಿದ್ರೂ ಸಾಕು, ಗಿಡಕ್ಕೆ ಎಲ್ಲಾನೂ ಒಟ್ಟಿಗೆ ಸರಿಯಾದ ಪ್ರಮಾಣದಲ್ಲಿ ಬೇಕು, ಒಂದು ಕಮ್ಮಿ ಆದ್ರೂ ಗಿಡ ನಿಂತಲ್ಲೇ ನಿಲ್ಲತ್ತೆ. ಗಿಡ ನಿಂತಾಗ ಹಳೇ ಎಲೆಗಳು ಬಡವಾಗಿ ಅದರಿಂದ ಸಕ್ಕರೆ ಅಂಶ, ಅಮೋನಿಯಾ ಎಲ್ಲ ನೀರಿಗೆ ಸೋರೋಕೆ ಶುರುವಾಗತ್ತೆ, ಪಾಚಿ ಬಂದು ಕೂರೋದು ಅಂಥ ಎಲೆ ಮೇಲೇ. ಬೆಳೆ ದಟ್ಟವಾಗಿರೋ ಹೊಲದಲ್ಲಿ ಕಳೆ ತಲೆ ಎತ್ತಲ್ಲ ಅಂತಾರಲ್ಲ, ಇಲ್ಲೂ ಅದೇ. ಹಂಗಾಗಿ ಈ ಪುಟದಲ್ಲಿ ಎಲ್ಲಿ ಓದಿದ್ರೂ ನಾನು ಹೇಳೋದು ತಿರುಗಿ ಮುರುಗಿ ಒಂದೇ ಮಾತು, ಮೊದಲು ಗಿಡ ಚೆನ್ನಾಗಿ ಬೆಳೀತಾ ಇದೆಯಾ ನೋಡಿ.

ಕ್ಲೀನಾಗಿ ಕಾಣೋ ಟ್ಯಾಂಕಲ್ಲೂ ಪಾಚಿಯ ಬೀಜಕಣ ಇದ್ದೇ ಇರತ್ತೆ. ಗಿಡದ ಜೊತೆ, ಮೀನಿನ ಕವರ್ ನೀರಿನ ಜೊತೆ, ಗಾಳಿಯಲ್ಲಿ ಕೂಡ ಬರತ್ತೆ. ಬರದೇ ಇರೋ ಹಾಗೆ ತಡೆಯೋಕೆ ಹೋದ್ರೆ ಸುಮ್ನೆ ಸುಸ್ತು.

ಒಂದು ಚೂರೂ ಪಾಚಿ ಇಲ್ಲದ ಹಾಗೆ ಮಾಡೋಕಾಗತ್ತಾ?

ಆಗಲ್ಲ. ಫೋಟೋದಲ್ಲಿ ನೀವು ನೋಡೋ ಫಳಫಳ ಟ್ಯಾಂಕುಗಳನ್ನೆಲ್ಲ ಫೋಟೋ ತೆಗೆಯೋ ಮುಂಚೆ ಗಾಜು ಉಜ್ಜಿ, ಎಲೆ ಕತ್ತರಿಸಿ ರೆಡಿ ಮಾಡಿರ್ತಾರೆ. ಕಣ್ಣಿಗೆ ಕಾಣದಷ್ಟು ಇಟ್ಕೊಳೋದೇ ಗುರಿ, ಕಲ್ಲಿನ ಮೇಲೆ ಒಂಚೂರು ಹಸಿರು ಇದ್ರೆ ಸಿಗಡಿಗಳಿಗೆ ಊಟ ಆಯ್ತು.

ಹೊಸ ಟ್ಯಾಂಕು, ಎರಡು ಮೂರು ವಾರಕ್ಕೆಲ್ಲ ಗಾಜು, ಮರಳು, ಎಲೆ ಎಲ್ಲಾ ಕಂದು ಪುಡಿ ಮೆತ್ತಿದ ಹಾಗಾಗಿದೆ. ಏನ್ ಮಾಡ್ಲಿ?

ಇದು ಡಯಾಟಮ್ ಅನ್ನೋ ಕಂದು ಪಾಚಿ. ಬೆರಳಿಂದ ಒರೆಸಿದ್ರೆ ಆರಾಮಾಗಿ ಬಂದ್ಬಿಡತ್ತೆ. ಇದರ ಕೋಶದ ಗೋಡೆ ಸಿಲಿಕಾದಿಂದ ಆಗಿರೋದು, ಹೊಸ ಮರಳಿಂದಲೋ ನಲ್ಲಿ ನೀರಿಂದಲೋ ಸಿಲಿಕೇಟ್ ಸಿಗತ್ತೆ, ಅಮೋನಿಯಾ ಒಡೆಯೋ ಫಿಲ್ಟರಿನ ಬ್ಯಾಕ್ಟೀರಿಯಾ ಇನ್ನೂ ಕೂತಿಲ್ಲದೇ ಇರೋದ್ರಿಂದ ಅಮೋನಿಯಾ ಕೂಡ ಇರತ್ತೆ, ಅದಕ್ಕೇ ಹೊಸ ಟ್ಯಾಂಕಲ್ಲೇ ಜಾಸ್ತಿ. ಒರೆಸಿ, ನೀರು ಬದಲಾಯಿಸಿ, ಸುಮ್ನಿರಿ. ಟ್ಯಾಂಕ್ ಹಳೇದಾಗ್ತಾ ತಾನಾಗೇ ಹೋಗತ್ತೆ. ಇದಕ್ಕೆ ಔಷಧಿ ಹಾಕಿದೀನಿ ಅನ್ನೋರನ್ನ ನೋಡಿದ್ರೆ ನಂಗೆ ಬೇಜಾರಾಗತ್ತೆ, ಅದು ಹೆಂಗಿದ್ರೂ ಹೋಗೋದೇ ಇತ್ತು.

ತಿಂಗಳುಗಟ್ಟಲೆ ಆದ್ರೂ ಹೋಗ್ತಿಲ್ಲ ಅಂದ್ರೆ ಮಾತ್ರ ನಲ್ಲಿ ನೀರಲ್ಲಿ ಸಿಲಿಕೇಟ್ ಜಾಸ್ತಿ ಇದೆಯಾ ಅಂತ ಯೋಚನೆ ಮಾಡಿ.

ದಿನಕ್ಕೆ ಎಷ್ಟು ಹೊತ್ತು ಲೈಟ್ ಹಾಕ್ಬೇಕು?

ಹೊಸ ಟ್ಯಾಂಕಿಗೆ 6 ಗಂಟೆ, ಗಿಡ ಬೇರು ಬಿಟ್ಟು ಹೊಸ ಎಲೆ ಬರೋಕೆ ಶುರುವಾದ ಮೇಲೆ ನಿಧಾನಕ್ಕೆ 8 ಗಂಟೆ ತನಕ ಹೋಗಬಹುದು. ಅದಕ್ಕಿಂತ ಜಾಸ್ತಿ ಬೇಕಾಗೋದು ಅಪರೂಪ. ಬೆಳಗ್ಗೆ ಎದ್ದಾಗ ಆನ್, ರಾತ್ರಿ ಮಲಗೋವಾಗ ಆಫ್ ಅಂತ ಇಟ್ಕೊಂಡ್ರೆ 14-15 ಗಂಟೆ ಆಗೋಯ್ತು, ಆಮೇಲೆ ಪಾಚಿ ಬಂತು ಅಂತ ಗೋಳಾಡೋದು. ಮನೇಲಿ ಇರೋ ಹೊತ್ತಲ್ಲಿ ಮೀನು ನೋಡ್ಬೇಕು ಅನ್ನೋ ಆಸೆ ಇದ್ರೆ ಆ 7-8 ಗಂಟೆನ ಸಂಜೆಗೇ ಇಟ್ಕೊಳಿ, ಗಿಡಕ್ಕೆ ಗಡಿಯಾರ ಗೊತ್ತಿಲ್ಲ, ದಿನಾ ಒಂದೇ ಹೊತ್ತಿಗೆ ಬಂದ್ರೆ ಸಾಕು. ಅದಕ್ಕೆ ಟೈಮರ್ ಬೇಕೇ ಬೇಕು. ಈ ಹವ್ಯಾಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಕೆಲಸ ಮಾಡೋ ವಸ್ತು ಯಾವ್ದು ಅಂದ್ರೆ ನಾನು ಟೈಮರ್ ಅಂತಲೇ ಹೇಳೋದು.

ಹೊತ್ತಿಗಿಂತ ಮುಖ್ಯ ಲೈಟಿನ ತೀವ್ರತೆ, ಅದನ್ನ ಯಾರೂ ಕೇಳಲ್ಲ. ಈಗಿನ ಎಲ್‌ಇಡಿ ಲೈಟುಗಳು ತುಂಬಾ ಸ್ಟ್ರಾಂಗು. ಒಂದು ಗ್ಯಾಲನ್‌ಗೆ ಇಷ್ಟು ವಾಟ್ ಅನ್ನೋ ಹಳೇ ಸೂತ್ರ ಟ್ಯೂಬ್‌ಲೈಟ್ ಕಾಲದ್ದು, ಎಲ್‌ಇಡಿಗೆ ಅದನ್ನ ಹಾಕಿದ್ರೆ ಲೆಕ್ಕ ತಪ್ಪತ್ತೆ. ಲೈಟು ಜಾಸ್ತಿ ಆದಷ್ಟೂ ಗಿಡ ಇಂಗಾಲವನ್ನೂ ಗೊಬ್ಬರವನ್ನೂ ಅಷ್ಟೇ ಜೋರಾಗಿ ಕೇಳತ್ತೆ, ನೀವು ಕೊಡೋಕಾಗದೇ ಇದ್ದಾಗ ಉಳಿದ ಬೆಳಕು ಪಾಚಿ ಪಾಲು. ಡಿಮ್ಮರ್ ಇದ್ರೆ ಅರ್ಧಕ್ಕೆ ಇಳಿಸಿ, ಇಲ್ಲಾಂದ್ರೆ ಲೈಟನ್ನ ಮೇಲಕ್ಕೆ ಎತ್ತಿ, ಅದೂ ಆಗಲ್ಲ ಅಂದ್ರೆ ತೇಲೋ ಗಿಡ ಬಿಡಿ. ಕಿಟಕಿ ಬಿಸಿಲು ನೇರ ಬೀಳೋ ಜಾಗದಲ್ಲಿ ಟ್ಯಾಂಕ್ ಇದ್ರೆ ಹಿಂದೆ ಒಂದು ಕಪ್ಪು ಶೀಟ್ ಅಂಟಿಸಿ, ಬಿಸಿಲಿಗೆ ಟೈಮರ್ ಹಾಕೋಕಾಗಲ್ಲ.

ಮಧ್ಯದಲ್ಲಿ ನಾಲ್ಕು ಗಂಟೆ ಲೈಟ್ ಆರಿಸಿ ಮತ್ತೆ ಹಾಕಿದ್ರೆ ಪಾಚಿ ಸಾಯತ್ತೆ ಅಂತಾರೆ, ನಿಜಾನಾ?

ಪಾಚಿ ಅದರಿಂದ ಸಾಯಲ್ಲ. ಸಿಓಟು (ಇಂಗಾಲದ ಡೈಆಕ್ಸೈಡ್) ಗ್ಯಾಸ್ ಹಾಕದೇ ಇರೋ ಟ್ಯಾಂಕಲ್ಲಿ ಆ ಗ್ಯಾಪ್ ಟೈಮಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಚೇತರಿಸ್ಕೊಳತ್ತೆ, ಅದರಿಂದ ಗಿಡಕ್ಕೆ ಒಂಚೂರು ಅನುಕೂಲ, ಅಷ್ಟೇ. ಎರಡು ಹೊತ್ತೂ ಟ್ಯಾಂಕ್ ನೋಡೋ ಆಸೆ ಇರೋರಿಗೆ ಒಳ್ಳೇದು.

ನೈಟ್ರೇಟ್, ಫಾಸ್ಫೇಟ್ ಇರೋದ್ರಿಂದ ತಾನೇ ಪಾಚಿ ಬರೋದು? ಗೊಬ್ಬರ ಹಾಕೋದೇ ನಿಲ್ಲಿಸಿಬಿಡ್ಲಾ?

ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಕೆರೆಗೆ ಚರಂಡಿ ನೀರು, ಹೊಲದ ಗೊಬ್ಬರ ಸೇರಿದ್ರೆ ನೀರು ಹಸಿರಾಗತ್ತೆ ಅಂತ ನಾವೆಲ್ಲ ಸ್ಕೂಲಲ್ಲಿ ಓದಿದೀವಿ, ಅದು ಸರಿಯೇ. ಅದನ್ನೇ ಟ್ಯಾಂಕಿಗೂ ಹಾಕಿ 1990ರ ದಶಕದಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಅನ್ನೋ ಇಬ್ಬರು ಹವ್ಯಾಸಿಗಳು ಫಾಸ್ಫೇಟ್ ಒಂದನ್ನ ಕಟ್ ಮಾಡಿ ಉಳಿದದ್ದೆಲ್ಲ ಕೊಟ್ರೆ ಗಿಡ ಗೆಲ್ಲತ್ತೆ, ಪಾಚಿ ಸೋಲತ್ತೆ ಅಂತ ವಾದ ಮಾಡಿದ್ರು. ಆಮೇಲೆ ಟಾಮ್ ಬಾರ್ ಅನ್ನೋರು ಗಿಡ ದಟ್ಟವಾಗಿರೋ ಟ್ಯಾಂಕಿಗೆ ಬೇಕಂತಲೇ ಫಾಸ್ಫೇಟ್ ಸುರಿದು ನೋಡಿದ್ರೆ ಪಾಚಿ ಬರ್ಲೇ ಇಲ್ಲ, ಗಿಡ ಇನ್ನೂ ಚೆನ್ನಾಗಾಯ್ತು. ಅವರೇ ಎಸ್ಟಿಮೇಟಿವ್ ಇಂಡೆಕ್ಸ್ ಅನ್ನೋ ಪದ್ಧತಿ ತಂದಿದ್ದು: ಎಲ್ಲ ಪೋಷಕಾಂಶಾನೂ ಧಾರಾಳವಾಗಿ ಕೊಡು, ವಾರಕ್ಕೊಂದ್ಸಲ ಅರ್ಧ ನೀರು ತೆಗೆದು ಹಾಕು, ಉಳಿದದ್ದು ಗುಡ್ಡೆ ಬೀಳಲ್ಲ. ಅಳತೆ ಮಾಡೋ ಕಿಟ್ಟೇ ಬೇಡ.

ಕೆರೆಗೂ ನಮ್ಮ ಟ್ಯಾಂಕಿಗೂ ಏನು ವ್ಯತ್ಯಾಸ ಅಂದ್ರೆ ಟ್ಯಾಂಕಲ್ಲಿ ಗಿಡಗಳೇ ತುಂಬಿರ್ತವೆ, ನೈಟ್ರೇಟ್ 10-20 ಪಿಪಿಎಂ (ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ ಅಂತ), ಫಾಸ್ಫೇಟ್ 1-2 ಪಿಪಿಎಂ ಇದ್ರೂ ಅದು ಗಿಡದ ಊಟ. ಗೊಬ್ಬರ ನಿಲ್ಲಿಸಿದ್ರೆ ಮೊದಲು ಹಸಿವಾಗೋದು ಗಿಡಕ್ಕೆ, ಪಾಚಿಗಲ್ಲ. ಎಲೇಲಿ ತೂತು ಬಿದ್ದಿದೆ, ಹಳೇ ಎಲೆ ಹಳದಿ ಆಗಿದೆ, ಹೊಸ ಚಿಗುರು ಬಿಳಿಚಿಕೊಂಡಿದೆ ಅಂದ್ರೆ ಗೊಬ್ಬರ ಸಾಲ್ತಾ ಇಲ್ಲ ಅಂತ. ತೂತಿಗೆ ಸಾಮಾನ್ಯವಾಗಿ ಪೊಟ್ಯಾಶಿಯಂ ಕೊರತೆ, ಹಳೇ ಎಲೆ ಹಳದಿಗೆ ಸಾರಜನಕ, ಬಿಳಿಚಿದ ಚಿಗುರಿಗೆ ಕಬ್ಬಿಣ.

ಅಮೋನಿಯಾ ಮಾತ್ರ ಬೇರೆ ವಿಷಯ. ಮೀನು ಜಾಸ್ತಿ, ಊಟ ಜಾಸ್ತಿ, ಎಲ್ಲೋ ಒಂದು ಮೀನು ಸತ್ತು ಕೊಳೀತಾ ಇದೆ, ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ತೊಳೆದು ಬ್ಯಾಕ್ಟೀರಿಯಾ ಎಲ್ಲ ಸತ್ತಿದೆ, ಇಂಥ ಸಮಯದಲ್ಲಿ ಬರೋ ಅಮೋನಿಯಾ ಪಾಚಿಗೆ ಕರೆದು ಔತಣ ಕೊಟ್ಟಂಗೆ. ಸ್ಪಂಜು ತೊಳೆಯೋದಿದ್ರೆ ಟ್ಯಾಂಕಿಂದ ತೆಗೆದ ನೀರಲ್ಲೇ ತೊಳೀರಿ.

ಸಿಓಟು ಹಾಕಿದ್ರೆ ಪಾಚಿ ಹೋಗತ್ತಾ?

ಸರಿಯಾಗಿ ಹಾಕಿದ್ರೆ ಹೋಗತ್ತೆ, ಅರ್ಧಂಬರ್ಧ ಹಾಕಿದ್ರೆ ಇನ್ನೂ ಜಾಸ್ತಿ ಆಗತ್ತೆ. ನೀರಲ್ಲಿ ಈ ಗ್ಯಾಸ್ ಹರಡೋದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ, ಅದಕ್ಕೇ ನೀರೊಳಗಿನ ಗಿಡಕ್ಕೆ ಇಂಗಾಲ ಸಿಗೋದೇ ದೊಡ್ಡ ತಾಪತ್ರಯ. ಗ್ಯಾಸ್ ಹಾಕೋರು 20-30 ಪಿಪಿಎಂ ಇಟ್ಕೊಳ್ತಾರೆ. ನೋಡೋಕೆ ಡ್ರಾಪ್ ಚೆಕರ್ ಅಂತ ಪುಟ್ಟ ಗಾಜಿನ ಬುರುಡೆ ಬರತ್ತೆ, ಅದರೊಳಗೆ 4 ಡಿಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ಮತ್ತು ಬಣ್ಣದ ಹನಿ ಹಾಕ್ಬೇಕು: ನೀಲಿ ಅಂದ್ರೆ ಕಮ್ಮಿ, ಹಸಿರು ಅಂದ್ರೆ ಸರಿ, ಹಳದಿ ಅಂದ್ರೆ ಮೀನಿಗೆ ಅಪಾಯ. ಬಣ್ಣ ಬದಲಾಗೋಕೆ ಒಂದೆರಡು ಗಂಟೆ ಹಿಡಿಯತ್ತೆ, ಅದಕ್ಕೆ ತಕ್ಷಣ ನೋಡಿ ಗಾಬರಿ ಆಗ್ಬೇಡಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಮಾತ್ರ ಚೆಕರ್ ಯಾವ ಬಣ್ಣ ತೋರಿಸ್ತಿದೆ ಅಂತ ನೋಡ್ತಾ ಕೂರ್ಬೇಡಿ, ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ.

ಪಾಚಿ ವಿಷಯದಲ್ಲಿ ಮುಖ್ಯವಾದದ್ದು ಗ್ಯಾಸ್ ದಿನಾ ಒಂದೇ ಸಮ ಇರೋದು. ಇವತ್ತು 30, ನಾಳೆ 10, ನಾಡಿದ್ದು ಸಿಲಿಂಡರ್ ಖಾಲಿ, ಹಿಂಗಾದ್ರೆ ಕಪ್ಪು ಗಡ್ಡದ ಪಾಚಿ ಗ್ಯಾರಂಟಿ. ಲೈಟ್ ಹಾಕೋಕೆ 1-2 ಗಂಟೆ ಮುಂಚೆ ಗ್ಯಾಸ್ ಆನ್ ಆಗ್ಬೇಕು, ಲೈಟ್ ಆರೋ ಒಂದು ಗಂಟೆ ಮುಂಚೆ ಆಫ್ ಆದ್ರೂ ನಡೆಯತ್ತೆ. ಸಕ್ಕರೆ ಮತ್ತು ಯೀಸ್ಟ್ ಹಾಕಿ ಬಾಟಲಲ್ಲಿ ಮಾಡ್ಕೊಳೋದು ಸಣ್ಣ ಟ್ಯಾಂಕಿಗೆ ಪರವಾಗಿಲ್ಲ, ಆದ್ರೆ ಒಂದೇ ಸಮ ಬರಲ್ಲ ಅನ್ನೋದೇ ಅದರ ತೊಂದ್ರೆ.

ನನ್ ಹತ್ರ ಸಿಓಟು ಸೆಟಪ್ ಇಲ್ಲ. ಹಂಗಾದ್ರೆ ಪಾಚಿ ಜೊತೇನೇ ಬದುಕ್ಬೇಕಾ?

ಇಲ್ಲ ಇಲ್ಲ. ಗ್ಯಾಸ್ ಇಲ್ಲದ ಟ್ಯಾಂಕನ್ನ ಪಾಚಿ ಇಲ್ಲದೇ ನಡೆಸೋದು ನನ್ನ ಪ್ರಕಾರ ಸುಲಭ. ಲೈಟ್ ಕಮ್ಮಿ ಇಟ್ಟು, ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೊರೈನ್, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ವಾಟರ್ ಸ್ಪ್ರೈಟ್ ಥರದ ಗಿಡ ಹಾಕಿ, ಮೇಲೆ ಒಂದಷ್ಟು ತೇಲೋ ಗಿಡ ಬಿಟ್ರೆ ಆಯ್ತು. ತೇಲೋ ಗಿಡಕ್ಕೆ ಇಂಗಾಲ ಗಾಳಿಯಿಂದಲೇ ಸಿಗೋದ್ರಿಂದ ಅದು ನೀರಲ್ಲಿರೋ ಅಮೋನಿಯಾ, ನೈಟ್ರೇಟ್ ಎಲ್ಲಾನೂ ಗಬಗಬ ಎಳ್ಕೊಳತ್ತೆ. ಡಕ್‌ವೀಡ್ ಮಾತ್ರ ಯೋಚನೆ ಮಾಡಿ ಬಿಡಿ, ಒಂದ್ಸಲ ಬಂದ್ರೆ ಟ್ಯಾಂಕ್ ಬಿಟ್ಟು ಹೋಗಲ್ಲ.

ಕೆಂಪು ಗಿಡ, ನೆಲದ ಮೇಲೆ ಹಾಸಿನ ಥರ ಹರಡೋ ಕಾರ್ಪೆಟ್ ಗಿಡ ಬೇಕು ಅಂತ ಲೈಟ್ ಜೋರು ಮಾಡಿದ್ರೋ, ಮುಗೀತು ಕಥೆ.

ಶುರುವಲ್ಲೇ ಎಷ್ಟು ಗಿಡ ಹಾಕ್ಬೇಕು?

ನಿಮ್ಗೆ ಸಾಕು ಅನ್ಸಿದ್ದರ ಎರಡರಷ್ಟು. ನೆಲ ಮುಕ್ಕಾಲು ಭಾಗ ಮುಚ್ಚೋ ಹಾಗಿರ್ಲಿ, ಅದರಲ್ಲಿ ಹೈಗ್ರೋಫಿಲಾ, ಲಿಮ್ನೋಫಿಲಾ, ಹಾರ್ನ್‌ವರ್ಟ್ ಥರ ಬೇಗ ಬೆಳೆಯೋದು ಜಾಸ್ತಿ ಇರ್ಲಿ, ಚೆಂದಕ್ಕೆ ಬೇಡ ಅನ್ಸಿದ್ರೆ ಮೂರ್ನಾಲ್ಕು ತಿಂಗಳು ಬಿಟ್ಟು ತೆಗೆದ್ರಾಯ್ತು. ಅಂಗಡಿಗೆ ಬರೋ ಗಿಡ ಬಹಳಷ್ಟು ನೀರಿನ ಮೇಲೆ ಬೆಳೆಸಿದ್ದು, ನೀರೊಳಗೆ ಇಟ್ಟಾಗ ಹಳೇ ಎಲೆ ಕರಗಿ ಹೊಸ ಥರದ ಎಲೆ ಬರತ್ತೆ, ಕ್ರಿಪ್ಟೋಕೊರೈನ್ ಅಂತೂ ಪೂರ್ತಿ ಕರಗಿ ಬೇರಿಂದ ಮತ್ತೆ ಬರತ್ತೆ. ಗಿಡ ಸತ್ತೋಯ್ತು ಅಂತ ಕಿತ್ತು ಬಿಸಾಕ್ಬೇಡಿ, ಕರಗ್ತಿರೋ ಎಲೆಗಳನ್ನ ಮಾತ್ರ ಆಗಿಂದಾಗ್ಗೆ ಕತ್ತರಿಸಿ ತೆಗೀರಿ, ಅದು ಅಲ್ಲೇ ಕೊಳೆತ್ರೆ ಪಾಚಿಗೆ ಹಬ್ಬ.

ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕೆ, ಉಜ್ಜಿದ್ರೂ ಹೋಗ್ತಿಲ್ಲ.

ಗ್ರೀನ್ ಸ್ಪಾಟ್. ಗಾಜಿಗೆ ಬ್ಲೇಡ್ ಹಾಕಿ ಕೆರೆದು ತೆಗೀರಿ, ಅಕ್ರಿಲಿಕ್ ಟ್ಯಾಂಕಿಗೆ ಬ್ಲೇಡ್ ಬೇಡ, ಗೀರು ಬೀಳತ್ತೆ, ಹಳೇ ಪ್ಲಾಸ್ಟಿಕ್ ಕಾರ್ಡ್ ಸಾಕು. ಇದು ಹೆಚ್ಚಾಗಿ ಬರೋದು ಫಾಸ್ಫೇಟ್ ತೀರಾ ಕಮ್ಮಿ ಇದ್ದಾಗ, ಇಲ್ಲಾ ಲೈಟ್ ಜಾಸ್ತಿ ಇದ್ದಾಗ. ಫಾಸ್ಫೇಟ್ 1-2 ಪಿಪಿಎಂಗೆ ಏರಿಸಿದ್ರೆ ಹೊಸ ಚುಕ್ಕೆ ಬರೋದು ನಿಲ್ಲತ್ತೆ. ಪಾಚಿಗೆ ಗೊಬ್ಬರ ಹಾಕಿ ಅಂತೀರಲ್ಲ ಅಂತ ಕೇಳ್ಬೇಡಿ, ಮೇಲೆ ಹೇಳಿದ್ದು ಅದೇ.

ಚುಕ್ಕೆ ಇಲ್ಲದೇ ಗಾಜಿನ ಮೇಲೆ ಹಸಿರು ಧೂಳಿನ ಪರದೆ ಥರ ಇದ್ರೆ ಅದು ಗ್ರೀನ್ ಡಸ್ಟ್. ಇದನ್ನ ದಿನಾ ಒರೆಸಿದಷ್ಟೂ ಕಣಗಳು ಈಜ್ಕೊಂಡು ಮತ್ತೆ ಬಂದು ಅಂಟತ್ತೆ. ಕೆಲವರು ಮೂರು ವಾರ ಮುಟ್ಟದೇ ಬಿಟ್ಟು, ದಪ್ಪ ಪದರ ಆದ್ಮೇಲೆ ಒಟ್ಟಿಗೆ ಕೆರೆದು ನೀರಿನ ಜೊತೆ ಹೊರಗೆ ಹಾಕ್ತಾರೆ. ಕೆಲಸ ಮಾಡತ್ತೆ, ಆದ್ರೆ ಅಷ್ಟು ದಿನ ಮನೆಗೆ ಬಂದೋರಿಗೆಲ್ಲ ವಿವರಣೆ ಕೊಡ್ತಾ ಇರ್ಬೇಕು.

ಎಲೆ ಮೇಲೆ, ಮಾಸ್ (ಜಾವಾ ಮಾಸ್ ಥರದ ಗಿಡ) ಮಧ್ಯೆ ಹಸಿರು ಕೂದಲು ಥರ ಉದ್ದುದ್ದ ಬೆಳೀತಿದೆ.

ನೂಲು ಪಾಚಿ. ಇದರಲ್ಲಿ ಹತ್ತಾರು ಜಾತಿ ಇದೆ: ಜಾರೋ ರೇಷ್ಮೆ ಥರ ಇದ್ರೆ ಸ್ಪೈರೋಗೈರಾ ಇರಬಹುದು, ಒರಟಾಗಿ ಕವಲೊಡೆದು ಗಟ್ಟಿಯಾಗಿದ್ರೆ ಕ್ಲಾಡೋಫೋರಾ. ಎಲ್ಲದಕ್ಕೂ ಮೊದಲ ಕೆಲಸ ಕೈಯಲ್ಲಿ ತೆಗೆಯೋದು. ಹಳೇ ಟೂತ್ ಬ್ರಷ್ ಹಾಕಿ ತಿರುಗಿಸಿದ್ರೆ ಸುತ್ಕೊಂಡು ಬರತ್ತೆ. ಆಮೇಲೆ ಲೈಟ್ ಕಮ್ಮಿ ಮಾಡಿ, ಸಿಗಡಿ ಬಿಡಿ, ಗಿಡಕ್ಕೆ ಏನು ಕಮ್ಮಿ ಆಗಿದೆ ನೋಡಿ. ಕ್ಲಾಡೋಫೋರಾ ಮಾತ್ರ ಹಠಮಾರಿ, ಅದನ್ನ ಹೆಚ್ಚಿನ ಪ್ರಾಣಿಗಳು ಮುಟ್ಟಲ್ಲ, ಒಂದು ಎಳೆ ಬಿಟ್ರೂ ಮತ್ತೆ ಬರತ್ತೆ, ಕಲ್ಲಿಗೆ ಅಂಟಿದ್ರೆ ಕಲ್ಲನ್ನೇ ಹೊರಗೆ ತೆಗೆದು ಕುದಿಯೋ ನೀರಲ್ಲಿ ತೊಳೀರಿ.

ಅಂದಹಾಗೆ ಮಾರಿಮೋ ಬಾಲ್ ಅಂತ ಹಸಿರು ಚೆಂಡು ಮಾರ್ತಾರಲ್ಲ, ಅದೂ ಪಾಚಿನೇ, ಕ್ಲಾಡೋಫೋರಾದ ಹತ್ತಿರದ ನೆಂಟ. ಆದ್ರೆ ಅದು ತುಂಬಾ ನಿಧಾನ ಬೆಳೆಯೋದು, ಟ್ಯಾಂಕ್ ತುಂಬಾ ಹರಡತ್ತೆ ಅಂತ ಭಯ ಬೇಡ.

ಎಲೆ ಅಂಚಲ್ಲಿ ಕಪ್ಪು ಗಡ್ಡ ಥರ ಬಂದಿದೆ, ಎಳೆದ್ರೂ ಬರಲ್ಲ. ಇದೇ ಎಲ್ಲರೂ ಹೆದರೋ ಬಿಬಿಎ ನಾ?

ಹೂಂ, ಅದೇ. ಬ್ಲ್ಯಾಕ್ ಬಿಯರ್ಡ್ ಆಲ್ಗೀ, ಮೇಲೆ ಹೇಳಿದ ಕಪ್ಪು ಗಡ್ಡದ ಪಾಚಿ. ಕಪ್ಪಗೆ ಕಂಡ್ರೂ ಇದು ಕೆಂಪು ಪಾಚಿ ಗುಂಪಿಗೆ ಸೇರಿದ್ದು, ಒಂದು ತುಂಡು ಸ್ಪಿರಿಟ್‌ನಲ್ಲಿ ಹಾಕಿದ್ರೆ ಕೆಂಪು ತಿರುಗತ್ತೆ. ಬರೋ ಜಾಗ ನೋಡಿದ್ರೇ ಕಾರಣ ಅರ್ಧ ಗೊತ್ತಾಗತ್ತೆ: ಹಳೇ ಎಲೆ ಅಂಚು, ಮರದ ತುಂಡು, ಫಿಲ್ಟರ್ ಪೈಪಿನ ಬಾಯಿ. ಸಿಓಟು ಏರುಪೇರು, ಫಿಲ್ಟರಲ್ಲಿ ಕೆಸರು ತುಂಬಿರೋದು, ಮಣ್ಣಲ್ಲಿ ಕೊಳೆ ಜಾಸ್ತಿ ಆಗಿರೋದು, ಸೊರಗಿದ ಗಿಡ, ಈ ನಾಲ್ಕರಲ್ಲಿ ಒಂದಾದ್ರೂ ಇದ್ದೇ ಇರತ್ತೆ.

ಮಾಡೋದು ಹಿಂಗೆ. ಜಾಸ್ತಿ ಹಿಡಿದಿರೋ ಎಲೆನ ಬುಡಕ್ಕೇ ಕತ್ತರಿಸಿ, ಆ ಎಲೆ ಮತ್ತೆ ಚೆನ್ನಾಗಾಗಲ್ಲ. ಮರ, ಕಲ್ಲು, ಪೈಪು ಹೊರಗೆ ತೆಗೆದು 3% ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದು ವಾಪಸ್ ಇಡಿ. ಎರಡು ಮೂರು ದಿನಕ್ಕೆ ಗಡ್ಡ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಸತ್ತಿದೆ ಅಂತ, ಸತ್ತಿರೋದನ್ನ ಸಿಗಡಿ, ಮೀನು ಖುಷಿಯಾಗಿ ತಿನ್ನತ್ವೆ. ಕಾರಣ ಸರಿ ಮಾಡದೇ ಬರೀ ಪೆರಾಕ್ಸೈಡ್ ಹಚ್ತಾ ಇದ್ರೆ ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ನೋಡ್ತೀರ.

ಬೂದು ಬಣ್ಣ, ಜಿಂಕೆ ಕೊಂಬಿನ ಥರ ಕವಲು ಇದ್ರೆ ಅದು ಸ್ಟ್ಯಾಗ್‌ಹಾರ್ನ್, ಇದೂ ಕೆಂಪು ಗುಂಪಿಂದೇ, ಔಷಧಿನೂ ಇದೇ. ಬಿಬಿಎಗಿಂತ ಬೇಗ ಸಾಯತ್ತೆ.

ಮರಳಿನ ಮೇಲೆ ನೀಲಿ ಹಸಿರು ಲೋಳೆ ಹೊದಿಕೆ ಥರ, ಕೆಟ್ಟ ವಾಸನೆ ಬೇರೆ.

ಇದು ಪಾಚಿನೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಭೂಮಿ ಗಾಳಿಗೆ ಆಮ್ಲಜನಕ ತುಂಬಿಸೋಕೆ ಶುರು ಮಾಡಿದ್ದೇ ಇದರ ಪೂರ್ವಜರು, ಸುಮಾರು 240 ಕೋಟಿ ವರ್ಷದ ಹಿಂದೆ, ಅದಕ್ಕೊಂದು ಗೌರವ ಕೊಟ್ಟು ಆಮೇಲೆ ಹೊರಗೆ ಹಾಕೋಣ. ಪದರ ಪದರವಾಗಿ ಎದ್ದು ಬರತ್ತೆ, ಪೈಪ್ ಹಾಕಿ ಎಳೆದು ತೆಗೀರಿ. ನೀರು ಓಡಾಡದ ಮೂಲೆ, ಕೊಳೆ ಕೂತ ಮರಳು, ನೈಟ್ರೇಟ್ ಸೊನ್ನೆಗೆ ಇಳಿದಿರೋದು, ಇವೇ ಕಾರಣ. ಮೊದಲು ನೈಟ್ರೇಟ್ ಟೆಸ್ಟ್ ಮಾಡಿ, ಸೊನ್ನೆ ಇದ್ರೆ ಏರಿಸಿ, ಆ ಮೂಲೆಗೆ ನೀರು ಹರಿಯೋ ಹಾಗೆ ಫಿಲ್ಟರ್ ಬಾಯಿ ತಿರುಗಿಸಿ, ಆಮೇಲೆ ಮೂರು ದಿನ ಟ್ಯಾಂಕನ್ನ ಕತ್ತಲಲ್ಲಿಡೋ (ಹೆಂಗೆ ಅಂತ ಕೆಳಗಿದೆ) ಬ್ಲ್ಯಾಕ್‌ಔಟ್. ಎರಿತ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಹಾಕಿದ್ರೆ ಹೋಗತ್ತೆ ಅನ್ನೋದು ನಿಜ, ಆದ್ರೆ ಮನುಷ್ಯರಿಗೆ ಕೊಡೋ ಔಷಧಿನ ಟ್ಯಾಂಕಿಗೆ ಸುರಿದು ಆ ನೀರನ್ನ ಚರಂಡಿಗೆ ಬಿಡೋದು ನಂಗೆ ಸರಿ ಕಾಣಲ್ಲ, ಅದಿಲ್ಲದೇ ಆಗೋ ಕೆಲಸಕ್ಕೆ ಅದ್ಯಾಕೆ.

ನೀರೇ ಹಸಿರಾಗಿದೆ, ಮೀನು ಕಾಣ್ತಿಲ್ಲ. ದಿನಾ ನೀರು ಬದಲಾಯಿಸಿದ್ರೂ ಅಷ್ಟೇ.

ನೀರಲ್ಲಿ ತೇಲೋ ಒಂಟಿ ಕೋಶದ ಪಾಚಿ, ಫಿಲ್ಟರ್ ಸ್ಪಂಜಿಗೆ ಸಿಗದಷ್ಟು ಸಣ್ಣದು. ಅರ್ಧ ನೀರು ತೆಗೆದ್ರೆ ಉಳಿದರ್ಧ ಒಂದೆರಡು ದಿನದಲ್ಲಿ ದುಪ್ಪಟ್ಟಾಗತ್ತೆ, ಅದಕ್ಕೇ ಗೆಲ್ಲೋಕಾಗ್ತಿಲ್ಲ. ಯುವಿ ಲೈಟ್ ಫಿಲ್ಟರ್ ಹಾಕಿದ್ರೆ ಕೆಲವೇ ದಿನದಲ್ಲಿ ನೀರು ತಿಳಿಯಾಗತ್ತೆ. ಯುವಿ ಈ ಒಂದಕ್ಕೆ ಮಾತ್ರ ಅಂತ ನೆನಪಿರ್ಲಿ, ಎಲೆಗೆ ಅಂಟಿರೋ ಪಾಚಿಗೆ ಅದು ಏನೂ ಮಾಡಲ್ಲ, ಅದರ ಮೂಲಕ ಹಾದು ಹೋದ ನೀರಿನ ಕಣಕ್ಕಷ್ಟೇ ಪೆಟ್ಟು. ಯುವಿ ಇಲ್ಲ ಅಂದ್ರೆ ಬ್ಲ್ಯಾಕ್‌ಔಟ್. ಮೀನಿಲ್ಲದ ಟ್ಯಾಂಕಿಗೆ ಡ್ಯಾಫ್ನಿಯಾ (ಪುಟ್ಟ ನೀರಿನ ಚಿಗಟ) ಬಿಟ್ರೆ ಅವೇ ಸೋಸಿ ಕುಡಿದುಬಿಡ್ತವೆ, ಮೀನಿದ್ರೆ ಡ್ಯಾಫ್ನಿಯಾನೇ ಊಟ ಆಗೋಗತ್ತೆ.

ಬ್ಲ್ಯಾಕ್‌ಔಟ್ ಹೆಂಗೆ ಮಾಡೋದು?

ಮೊದಲು ಸಿಕ್ಕಷ್ಟು ಪಾಚಿ ಕೈಯಲ್ಲಿ ತೆಗೆದು ಅರ್ಧ ನೀರು ಬದಲಾಯಿಸಿ. ಲೈಟ್ ಆಫ್, ಸಿಓಟು ಆಫ್, ಏರ್ ಪಂಪ್ ಆನ್. ದಪ್ಪ ಬಟ್ಟೆಯಲ್ಲಿ ನಾಲ್ಕೂ ಕಡೆ ಮುಚ್ಚಿ ಮೂರು ದಿನ ಬಿಡಿ, ಗಾಳಿ ಆಡೋಕೆ ಮೇಲೆ ಒಂಚೂರು ಸಂದಿ ಇರ್ಲಿ. ಇಣುಕಿ ನೋಡ್ಬೇಡಿ, ಊಟ ಹಾಕ್ಬೇಡಿ, ದೊಡ್ಡ ಆರೋಗ್ಯವಂತ ಮೀನಿಗೆ ಮೂರು ದಿನ ಉಪವಾಸ ಏನೂ ಆಗಲ್ಲ. ನಾಲ್ಕನೇ ದಿನ ಬಟ್ಟೆ ತೆಗೆದ ತಕ್ಷಣ ಮತ್ತೆ ಅರ್ಧ ನೀರು ಬದಲಾಯಿಸಿ, ಯಾಕಂದ್ರೆ ಸತ್ತ ಪಾಚಿ ಕೊಳೆತು ಅಮೋನಿಯಾ ಆಗತ್ತೆ. ಗಿಡ ಸ್ವಲ್ಪ ಬಾಡಿದ ಹಾಗೆ ಕಾಣತ್ತೆ, ಸುಧಾರಿಸ್ಕೊಳತ್ತೆ. ಬಿಬಿಎ, ಗ್ರೀನ್ ಸ್ಪಾಟ್‌ಗೆ ಇದು ಉಪಯೋಗ ಇಲ್ಲ, ಸುಮ್ನೆ ಗಿಡಕ್ಕೆ ಶಿಕ್ಷೆ.

ಪಾಚಿ ತಿನ್ನೋ ಮೀನು ಬಿಟ್ರೆ ಸಾಕಲ್ವಾ?

ಸಹಾಯ ಆಗತ್ತೆ, ಸಮಸ್ಯೆ ಬಗೆಹರಿಯಲ್ಲ. ಅದೂ ಯಾವ ಮೀನು ಅನ್ನೋದ್ರಲ್ಲೇ ಮೋಸ ಹೋಗ್ತಾರೆ. ಸಯಾಮೀಸ್ ಆಲ್ಗೀ ಈಟರ್ ನಿಜವಾಗ್ಲೂ ನೂಲು ಪಾಚಿ, ಬಿಬಿಎ ಎರಡೂ ತಿನ್ನತ್ತೆ, ಮೈಮೇಲಿನ ಕಪ್ಪು ಪಟ್ಟೆ ಬಾಲದ ತುದಿ ತನಕ ಹೋಗಿರತ್ತೆ, ಅದೇ ಗುರುತು. 15 ಸೆಂಟಿಮೀಟರ್ ಹತ್ರ ಬೆಳೆಯತ್ತೆ, ದೊಡ್ಡದಾದ್ಮೇಲೆ ಸೋಮಾರಿ, ನೀವು ಹಾಕೋ ಊಟಕ್ಕೇ ಕಾಯತ್ತೆ. ಹೆಸರಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರೋ ಚೈನೀಸ್ ಆಲ್ಗೀ ಈಟರ್ ತಗೋಬೇಡಿ, ಅದು ಬೆಳೀತಾ ಜಗಳಗಂಟ ಆಗಿ ಬೇರೆ ಮೀನಿನ ಮೈಗೆ ಬಾಯಿ ಹಾಕತ್ತೆ. ಕಾಮನ್ ಪ್ಲೆಕೋ ಅಂಗಡೀಲಿ ಬೆರಳುದ್ದ ಇದ್ದಾಗ ಮುದ್ದಾಗಿರತ್ತೆ, 30 ಸೆಂಟಿಮೀಟರ್ ದಾಟಿ ಬೆಳೆದು ಗಿಡ ಎಲ್ಲ ಕಿತ್ತುಹಾಕತ್ತೆ. ಅದರ ಬದಲು ಬ್ರಿಸಲ್‌ನೋಸ್ ಪ್ಲೆಕೋ ಪರವಾಗಿಲ್ಲ, ಗಾತ್ರ ಚಿಕ್ಕದು.

ಒಟೊಸಿಂಕ್ಲಸ್ ಪುಟಾಣಿ ಮೀನು, ಡಯಾಟಮ್ ಮತ್ತು ಮೆತ್ತನೆ ಹಸಿರು ಪಾಚಿಗೆ ಇದಕ್ಕಿಂತ ಒಳ್ಳೇದಿಲ್ಲ, ಎಲೆಗೆ ಏನೂ ಮಾಡಲ್ಲ. ಆದ್ರೆ ಹೊಸ ಟ್ಯಾಂಕಿಗೆ ಬಿಟ್ರೆ ಬದುಕಲ್ಲ, ಹಳೇ ಟ್ಯಾಂಕ್ ಬೇಕು, ಐದಾರು ಒಟ್ಟಿಗೆ ಇರ್ಬೇಕು, ಪಾಚಿ ಖಾಲಿ ಆದ್ಮೇಲೆ ಬೇಯಿಸಿದ ಸೌತೆಕಾಯಿ ತುಂಡು ಏನಾದ್ರೂ ಕೊಡ್ಬೇಕು.

ಸಿಗಡಿ, ಬಸವನಹುಳು?

ಅಮಾನೋ ಸಿಗಡಿ ನಂಬರ್ ಒನ್. ಜಪಾನಿನ ತಕಾಶಿ ಅಮಾನೋ ತಮ್ಮ ಗಿಡದ ಟ್ಯಾಂಕುಗಳಲ್ಲಿ ಪಾಚಿ ತಿನ್ನಿಸೋಕೆ ಇದನ್ನ ಬಳಸಿ ಪ್ರಚಾರಕ್ಕೆ ತಂದಿದ್ದು, ಹೆಸರೂ ಅವರದ್ದೇ ಬಂತು. ನೂಲು ಪಾಚಿ ಅಂದ್ರೆ ಇದಕ್ಕೆ ಪ್ರಾಣ. ಸಿಹಿನೀರಲ್ಲಿ ಮರಿ ಬದುಕಲ್ಲ, ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು, ಹಂಗಾಗಿ ಸಂಖ್ಯೆ ತಾನಾಗೇ ಏರಲ್ಲ. ಚೆರ್ರಿ ಸಿಗಡಿ ಕೆಲಸದಲ್ಲಿ ಸ್ವಲ್ಪ ಹಿಂದೆ, ಆದ್ರೆ ಸಂಸಾರ ದೊಡ್ಡದು ಮಾಡ್ಕೊಂಡು ಲೆಕ್ಕ ಸರಿ ಮಾಡತ್ತೆ. ಗಾಜು, ಕಲ್ಲಿನ ಮೇಲಿನ ಪಾಚಿಗೆ ನೆರೈಟ್ ಬಸವನಹುಳು, ಗ್ರೀನ್ ಸ್ಪಾಟ್ ಕೂಡ ಕೆರೆದು ತಿನ್ನೋ ಅಪರೂಪದ ಪ್ರಾಣಿ. ಕಲ್ಲು, ಮರದ ಮೇಲೆಲ್ಲ ಎಳ್ಳಿನಷ್ಟು ಬಿಳಿ ಮೊಟ್ಟೆ ಅಂಟಿಸತ್ತೆ, ಸಿಹಿನೀರಲ್ಲಿ ಅದು ಮರಿ ಆಗಲ್ಲ, ಆದ್ರೆ ಕೆರೆದು ತೆಗೆಯೋಕೆ ತಲೆನೋವು.

ಅಂಗಡೀಲಿ ಸಿಗೋ ಪಾಚಿ ನಾಶಕ ಹಾಕಬಹುದಾ?

ಬಾಟಲ್ ಮೇಲೆ ತಾಮ್ರ ಇದೆಯಾ ಮೊದಲು ಓದಿ. ತಾಮ್ರ ಇದ್ರೆ ಸಿಗಡಿ, ಬಸವನಹುಳು ಎಲ್ಲಾ ಢಮಾರ್. ತಾಮ್ರ ಇಲ್ಲದ್ದೂ ಕೂಡ ಪಾಚಿಯನ್ನ ಒಮ್ಮೆಲೇ ಕೊಂದು ಅದು ಕೊಳೆತು ನೀರಲ್ಲಿ ಆಮ್ಲಜನಕ ಇಳಿಸತ್ತೆ. ನಾನು ಸಲಹೆ ಮಾಡಲ್ಲ.

ಲಿಕ್ವಿಡ್ ಕಾರ್ಬನ್ ಅಂತ ಮಾರೋದು ಹೆಚ್ಚಿನವು ಗ್ಲುಟರಾಲ್ಡಿಹೈಡ್ ಥರದ್ದು, ಗಿಡಕ್ಕೆ ಇಂಗಾಲ ಕೊಡೋದಕ್ಕಿಂತ ಪಾಚಿ ಕೊಲ್ಲೋದ್ರಲ್ಲೇ ಅದರ ಹೆಸರು. ಬಿಬಿಎ, ಸ್ಟ್ಯಾಗ್‌ಹಾರ್ನ್‌ಗೆ ಕೆಲಸ ಮಾಡತ್ತೆ. ವ್ಯಾಲಿಸ್ನೇರಿಯಾ, ಕೆಲವು ಮಾಸ್ ಜಾತಿ ಇದರಿಂದ ಕರಗತ್ತೆ. ಮೈಗೆ, ಕಣ್ಣಿಗೆ, ಉಸಿರಿಗೆ ಒಳ್ಳೇದಲ್ಲ, ಗ್ಲೌಸ್ ಹಾಕ್ಕೊಳಿ, ಬಾಟಲ್ ಮೇಲೆ ಬರೆದಿರೋ ಅಳತೆ ಮೀರ್ಬೇಡಿ.

ಪೆರಾಕ್ಸೈಡನ್ನ ನೇರ ಟ್ಯಾಂಕಿಗೇ ಹಾಕಬಹುದಾ?

3% ದ್ರಾವಣ ಆದ್ರೆ 4 ಲೀಟರ್ ನೀರಿಗೆ 1 ಎಂಎಲ್ ಮೀರದ ಹಾಗೆ, ದಿನಕ್ಕೆ ಒಂದೇ ಸಲ. ಫಿಲ್ಟರ್ ಆಫ್ ಮಾಡಿ, ಸಿರಿಂಜಲ್ಲಿ ತಗೊಂಡು ಪಾಚಿ ಮೇಲೇ ನಿಧಾನಕ್ಕೆ ಬಿಡಿ, ಗುಳ್ಳೆ ಏಳತ್ತೆ, 10-15 ನಿಮಿಷ ಬಿಟ್ಟು ಫಿಲ್ಟರ್ ಆನ್. ಅದು ಒಡೆದು ಕೊನೆಗೆ ನೀರು ಮತ್ತೆ ಆಮ್ಲಜನಕ ಆಗೋದ್ರಿಂದ ಟ್ಯಾಂಕಲ್ಲಿ ಏನೂ ಉಳಿಯಲ್ಲ. ಮಾಸ್, ಸಿಗಡಿ ಇರೋ ಕಡೆ ಇನ್ನೂ ಕಮ್ಮಿ ಹಾಕಿ. ಬಾಟಲ್ ಮೇಲೆ 6% ಅಂತಿದ್ರೆ ಅರ್ಧ ಅಳತೆ, ಇದನ್ನ ನೋಡದೇ ಸುರಿಯೋರೇ ಜಾಸ್ತಿ.

ವಾರಕ್ಕೆ ಎಷ್ಟು ನೀರು ಬದಲಾಯಿಸ್ಬೇಕು?

ಗ್ಯಾಸ್, ಗೊಬ್ಬರ ಜೋರಾಗಿರೋ ಟ್ಯಾಂಕಿಗೆ ಅರ್ಧ. ಲೈಟ್ ಕಮ್ಮಿ ಇರೋ ಸರಳ ಟ್ಯಾಂಕಿಗೆ ಕಾಲು ಭಾಗ ಸಾಕು. ಹೊಸ ಟ್ಯಾಂಕಿಗೆ ಮೊದಲ ತಿಂಗಳು ವಾರಕ್ಕೆ ಎರಡು ಸಲ ಮಾಡಿದ್ರೆ ಒಳ್ಳೇದು. ಕ್ಲೋರಿನ್ ತೆಗೆಯೋ ದ್ರಾವಣ ಮರೀಬೇಡಿ, ಇಲ್ಲಾಂದ್ರೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಅಮೋನಿಯಾ ಕಥೆ.

ಅನುಬಿಯಾಸ್ ಎಲೆ ಮೇಲೆ ಮಾತ್ರ ಯಾವಾಗ್ಲೂ ಪಾಚಿ, ಬೇರೆ ಗಿಡ ಚೆನ್ನಾಗಿದೆ. ಯಾಕೆ?

ಅದರ ಒಂದೊಂದು ಎಲೆನೂ ತಿಂಗಳುಗಟ್ಟಲೆ ಇರತ್ತೆ, ಹೊಸ ಎಲೆ ಬರೋದು ನಿಧಾನ, ಪಾಚಿಗೆ ಕೂರೋಕೆ ಟೈಮ್ ಸಿಗತ್ತೆ. ನೆರಳಿಗೆ ಸರಿಸಿ, ದೊಡ್ಡ ಗಿಡದ ಕೆಳಗೆ ಇಡಿ.

ಎಲ್ಲಾ ಮಾಡಿದೆ, ಒಂದು ವಾರ ಆಯ್ತು, ಏನೂ ಬದಲಾಗಿಲ್ಲ. ಎಲ್ಲ ಬಿಚ್ಚಿ ಹೊಸದಾಗಿ ಶುರು ಮಾಡ್ಲಾ?

ಬೇಡ ಮಾರಾಯ್ರೆ. ಬಿಚ್ಚಿ ಕಟ್ಟಿದ್ರೆ ಮತ್ತೆ ಹೊಸ ಟ್ಯಾಂಕಿನ ಅಮೋನಿಯಾ, ಡಯಾಟಮ್‌ನಿಂದ ಶುರು. ಏನೇ ಬದಲಾಯಿಸಿದ್ರೂ ಗಿಡ ತೋರಿಸೋಕೆ ಎರಡು ಮೂರು ವಾರ ಬೇಕು. ಹಳೇ ಎಲೆ ನೋಡಿ ಲೆಕ್ಕ ಹಾಕ್ಬೇಡಿ, ಅದರ ಮೇಲೆ ಬಂದಿರೋದು ಹಳೇ ತಪ್ಪಿನ ಪಾಚಿ, ಹೊಸದಾಗಿ ಬರ್ತಿರೋ ಎಲೆ ಕ್ಲೀನಾಗಿದ್ರೆ ದಾರಿ ಸರಿ ಇದೆ, ಹಳೇದನ್ನ ಕತ್ತರಿಸ್ತಾ ಹೋಗಿ. ಒಂದೇ ದಿನ ಲೈಟ್, ಗೊಬ್ಬರ, ಗ್ಯಾಸ್ ಮೂರನ್ನೂ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ, ಮೊದಲು ಲೈಟ್ ಇಳಿಸಿ, ಎರಡು ವಾರ ಬಿಟ್ಟು ಮುಂದಿಂದು. ಎರಡು ತಿಂಗಳಾದ್ರೂ ಹೊಸ ಎಲೆ ಮೇಲೂ ಪಾಚಿ ಬರ್ತಾನೇ ಇದ್ರೆ, ಮಣ್ಣು ಹಳೇದಾಗಿ ಮುಟ್ಟಿದ್ರೆ ಕೊಳೆ ಏಳ್ತಾ ಇದ್ರೆ, ಆಗ ಮಾತ್ರ ಬಿಚ್ಚೋ ಯೋಚನೆ ಮಾಡಿ, ಆಗ್ಲೂ ಫಿಲ್ಟರನ್ನ ಹಂಗೇ ಓಡಿಸ್ತಾ ಒಂದು ಬಕೆಟ್ ಟ್ಯಾಂಕ್ ನೀರಲ್ಲಿ ಇಟ್ಕೊಳಿ, ಒಣಗೋಕೆ ಬಿಡ್ಬೇಡಿ.